ಎದೆನೋವಿನಿಂದ ಇಸಿಜಿಯವರೆಗಿನ ದಾರಿ

2025ರ ಮೇ ಕೊನೆಯಿಂದ ಜುಲೈ ಮೊದಲ ವಾರದವರೆಗೆ ಹಾಸನದ ಹೆಸರು ಹೃದಯಾಘಾತಕ್ಕೆ ಅಂಟಿಕೊಂಡಿತ್ತು. ಸುಮಾರು 40 ದಿನಗಳಲ್ಲಿ ಜಿಲ್ಲೆಯ ಇಪ್ಪತ್ತಕ್ಕೂ ಹೆಚ್ಚು ಮಂದಿ ಹಠಾತ್ತನೆ ತೀರಿಕೊಂಡರೆಂದು ಸುದ್ದಿಯಾಯಿತು. ಅವರಲ್ಲಿ ಕೆಲವರಿಗೆ ಇನ್ನೂ ಮೂವತ್ತು ದಾಟಿರಲಿಲ್ಲ. ಟಿ.ವಿ. ಪರದೆಯ ಅಂಚಿನಲ್ಲಿ ಸಾವಿನ ಸಂಖ್ಯೆ ಕ್ರಿಕೆಟ್ ಸ್ಕೋರಿನಂತೆ ಏರುತ್ತಿತ್ತು. ಮೈಸೂರು ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳ್ಳಂಬೆಳಗ್ಗೆ ಜನ ಸಾಲುಗಟ್ಟಿದರು. ಅವರಲ್ಲಿ ಬಹುತೇಕರನ್ನು ಅಲ್ಲಿಗೆ ತಂದದ್ದು ನೋವಿಗಿಂತ ಹೆಚ್ಚಾಗಿ ಭಯ. ಒಂದು ಇಸಿಜಿ, ಒಂದು ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿಸಿಕೊಂಡು ‘ಏನೂ ಇಲ್ಲ’ ಎನ್ನಿಸಿಕೊಂಡರೆ ನೆಮ್ಮದಿಯಿಂದ ನಿದ್ದೆ ಮಾಡಬಹುದು ಎಂಬ ಆಸೆ.

ಆ ಭಯವನ್ನು ಹಗುರವಾಗಿ ಕಾಣಬೇಕಿಲ್ಲ. ಆದರೆ ಹೃದಯಾಘಾತದ ಬಗ್ಗೆ ಕಳೆದ ಮೂರು–ನಾಲ್ಕು ದಶಕಗಳಲ್ಲಿ ನಡೆದಿರುವ ಸಂಶೋಧನೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಜನ ಸಾಲು ನಿಂತ ಜಾಗ ಸರಿಯಿರಲಿಲ್ಲ ಎನ್ನಬೇಕಾಗುತ್ತದೆ. ನೋವಿಲ್ಲದವರು ನೂರಿಪ್ಪತ್ತು ಕಿಲೋಮೀಟರ್ ದೂರದ ದೊಡ್ಡಾಸ್ಪತ್ರೆಗೆ ಹೋಗಿ ಮಾಡಿಸುವ ಪರೀಕ್ಷೆಯಿಂದ ಉಳಿಯುವ ಜೀವಗಳು ಕಡಿಮೆ. ಎದೆ ನೋಯುತ್ತಿರುವವರಿಗೆ ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲ ಗಂಟೆಯೊಳಗೆ ಸಿಗುವ ಇಸಿಜಿಯಿಂದ ಉಳಿಯುವ ಜೀವಗಳು ಹೆಚ್ಚು. ಮಲೆನಾಡಿನ ಅಂಚಿನಲ್ಲಿರುವ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಗೆ ಈ ಮಾತು ಬೇರೆಡೆಗಿಂತ ಗಟ್ಟಿಯಾಗಿ ಅನ್ವಯಿಸುತ್ತದೆ.

ಮೊದಲು ಆ ಇಪ್ಪತ್ತು ಚಿಲ್ಲರೆ ಸಾವುಗಳ ಲೆಕ್ಕ. 2011ರ ಜನಗಣತಿಯಂತೆ ಹಾಸನ ಜಿಲ್ಲೆಯ ಜನಸಂಖ್ಯೆ 17.76 ಲಕ್ಷ. ರಾಜ್ಯದ ಮರಣ ದರ ವರ್ಷಕ್ಕೆ ಸಾವಿರ ಜನರಿಗೆ ಆರಕ್ಕಿಂತ ಸ್ವಲ್ಪ ಹೆಚ್ಚು. ಅಂದರೆ ಜಿಲ್ಲೆಯಲ್ಲಿ ವರ್ಷಕ್ಕೆ ಅಂದಾಜು 11,000 ಸಾವು, 40 ದಿನಕ್ಕೆ 1,200ರ ಆಸುಪಾಸು. ಭಾರತದ ರಿಜಿಸ್ಟ್ರಾರ್ ಜನರಲ್ ಕಚೇರಿಯ 2021–23ರ ವರದಿಯ ಪ್ರಕಾರ ದೇಶದ ಸಾವುಗಳಲ್ಲಿ ಶೇ 31ರಷ್ಟಕ್ಕೆ ಹೃದಯ ಮತ್ತು ರಕ್ತನಾಳಗಳ ಕಾಯಿಲೆ ಕಾರಣ. ಈ ದರವನ್ನೇ ಹಾಸನಕ್ಕೆ ಹಚ್ಚಿದರೆ, ಯಾವ ಸುದ್ದಿಯೂ ಇಲ್ಲದ ಸಾಮಾನ್ಯ 40 ದಿನಗಳಲ್ಲಿಯೂ ಮುನ್ನೂರಕ್ಕಿಂತ ಹೆಚ್ಚು ಮಂದಿ ಇದೇ ಕಾರಣಕ್ಕೆ ಸಾಯುತ್ತಿರಬೇಕು. ಇದು ಕೈಲೆಕ್ಕ, ಹೆಚ್ಚು ಕಡಿಮೆ ಇದ್ದೀತು. ಆದರೂ ಟಿ.ವಿ.ಯಲ್ಲಿ ಏರುತ್ತಿದ್ದ ಸಂಖ್ಯೆ ಹೃದಯಾಘಾತಗಳ ಎಣಿಕೆಯಾಗಿರಲಿಲ್ಲ, ಸುದ್ದಿಯಾದ ಹೃದಯಾಘಾತಗಳ ಎಣಿಕೆಯಾಗಿತ್ತು ಎಂಬುದಕ್ಕೆ ಇಷ್ಟು ಸಾಕು.

‘ಸತ್ತವರು ಮುದುಕರಲ್ಲ, ಹುಡುಗರು’ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಉತ್ತರ ಹೇಳಬೇಕಾದರೆ ಹಿಂದಿನ ಐದಾರು ವರ್ಷಗಳಲ್ಲಿ ಇದೇ ತಿಂಗಳುಗಳಲ್ಲಿ 45ರೊಳಗಿನ ಎಷ್ಟು ಮಂದಿ ಹೃದಯದ ಕಾರಣದಿಂದ ಸತ್ತರು ಎಂಬ ಲೆಕ್ಕ ಕೈಯಲ್ಲಿರಬೇಕು. ನಮ್ಮ ತೊಡಕು ಇರುವುದು ಇಲ್ಲಿಯೇ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣವನ್ನು ದೃಢೀಕರಿಸಿದ್ದು ಶೇ 22.5ಕ್ಕೆ ಮಾತ್ರ. ಹೊಲದಲ್ಲಿಯೋ ಹಾಸಿಗೆಯಲ್ಲಿಯೋ ಸತ್ತವರ ಮರಣೋತ್ತರ ಪರೀಕ್ಷೆಗೆ ಮನೆಯವರು ಒಪ್ಪುವುದು ಅಪರೂಪ. ‘ಹೋದ ಜೀವ ಹೋಯಿತು, ದೇಹವನ್ನಾದರೂ ಕೊಯ್ಯಬೇಡಿ’ ಎನ್ನುತ್ತಾರೆ. ಬಳಿಕ ಊರಿನವರ ಬಾಯಲ್ಲಿ ‘ಹಾರ್ಟ್ ಅಟ್ಯಾಕ್’ ಎಂಬುದೇ ಕಾರಣವಾಗಿ ನಿಲ್ಲುತ್ತದೆ. ಮಿದುಳಿನ ರಕ್ತಸ್ರಾವ, ಶ್ವಾಸಕೋಶದಲ್ಲಿ ಸಿಕ್ಕಿಕೊಂಡ ಹೆಪ್ಪು, ಹೃದಯದ ಲಯ ತಪ್ಪಿಸುವ ವಂಶವಾಹಿ ದೋಷ, ಹಾವಿನ ಕಡಿತ ಎಲ್ಲವೂ ಆ ಒಂದೇ ಹೆಸರಿನಡಿ ಸೇರಿಬಿಡಬಹುದು.

ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ತಜ್ಞರ ಸಮಿತಿ ಪರಿಶೀಲಿಸಿದ 24 ಪ್ರಕರಣಗಳ ಕಥೆಯೂ ಇದನ್ನೇ ಹೇಳುತ್ತದೆ. ಅವುಗಳಲ್ಲಿ 20 ಹೃದಯಕ್ಕೆ ಸಂಬಂಧಿಸಿದವು, ಉಳಿದ ನಾಲ್ಕಕ್ಕೆ ಕಾರಣ ಬೇರೆ. ಹೃದಯಾಘಾತವೆಂದು ಊರೆಲ್ಲ ಹಬ್ಬಿದ ಪಟ್ಟಿಯಲ್ಲಿ ರಸ್ತೆ ಅಪಘಾತದ ಸಾವೂ ಸೇರಿಕೊಂಡಿತ್ತು. ಜಯದೇವದ ದಾಖಲೆಗಳಲ್ಲಿ ಹಿಂದಿನ ತಿಂಗಳುಗಳಿಗೆ ಹೋಲಿಸಿದರೆ ರೋಗಿಗಳ ಸಂಖ್ಯೆ ದಿಢೀರ್ ಏರಿದ್ದು ಸಮಿತಿಗೆ ಕಾಣಲಿಲ್ಲ. ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು, ಮರಣೋತ್ತರ ಪರೀಕ್ಷೆ ನಡೆಸಬೇಕು ಎಂದು ಸರ್ಕಾರ ಆ ಬಳಿಕ ಹೇಳಿತು. ಇಡೀ ಪ್ರಕರಣದಿಂದ ಹುಟ್ಟಿದ ಘೋಷಣೆಗಳಲ್ಲಿ ನನಗೆ ಅತ್ಯಂತ ತೂಕದ್ದೆನಿಸಿದ್ದು ಇದು. ಸದ್ದು ಆದದ್ದು ಬೇರೆಯವುಗಳ ಬಗ್ಗೆ.

ಸದ್ದು ಮಾಡಿದ ಒಂದು ಅಂಶ: ಸತ್ತವರಲ್ಲಿ ಶೇ 30ಕ್ಕಿಂತ ಹೆಚ್ಚು ಮಂದಿ ಆಟೊ, ಕ್ಯಾಬ್ ಚಾಲಕರು ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಹೇಳಿದ್ದು. ಇಪ್ಪತ್ತರಲ್ಲಿ ಶೇ 30 ಎಂದರೆ ಆರೇಳು ಮಂದಿ. ಗಂಟೆಗಟ್ಟಲೆ ಕೂತಿರುವುದು, ಹೊತ್ತುಗೊತ್ತಿಲ್ಲದ ಊಟ, ರಾತ್ರಿ ನಿದ್ದೆಗೇಡು, ಎಚ್ಚರವಾಗಿರಲು ಬೀಡಿ ಅಥವಾ ಗುಟ್ಕಾ, ಹೊಗೆ, ಇವೆಲ್ಲ ಹೃದಯಕ್ಕೆ ಕೇಡೆಂಬುದು ನಿಜ, ಚಾಲಕರ ಬಗ್ಗೆ ವಿಶೇಷ ಕಾಳಜಿ ಬೇಕೆಂಬುದೂ ಸರಿ. ಆದರೆ ಆರೇಳು ಜನರನ್ನು ನೋಡಿ ಒಂದು ವೃತ್ತಿಯ, ಇಪ್ಪತ್ತು ಜನರನ್ನು ನೋಡಿ ಒಂದು ಜಿಲ್ಲೆಯ ಹಣೆಬರಹ ಬರೆಯಲಾಗದು.

ಸಣ್ಣ ತುಂಡುಗಳನ್ನು ನೋಡಿ ಮೋಸಹೋಗುವುದು ಹೇಗೆಂದು ತೋರಿಸುವ ತಮಾಷೆಯ ಪ್ರಸಂಗವೊಂದು ಹೃದ್ರೋಗ ಸಂಶೋಧನೆಯ ಚರಿತ್ರೆಯಲ್ಲಿಯೇ ಇದೆ. 1988ರಲ್ಲಿ ಪ್ರಕಟವಾದ ಐಸಿಸ್–2 ಎಂಬ ಅಧ್ಯಯನದಲ್ಲಿ 17,187 ಹೃದಯಾಘಾತ ರೋಗಿಗಳಿದ್ದರು. ಒಂದು ತಿಂಗಳು ಆಸ್ಪಿರಿನ್ ಕೊಟ್ಟರೆ ಐದು ವಾರಗಳೊಳಗಿನ ಸಾವು ಶೇ 23ರಷ್ಟು ತಗ್ಗುತ್ತದೆ, ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ ಕೂಡ ಕೊಟ್ಟರೆ ಶೇ 42ರಷ್ಟು ತಗ್ಗುತ್ತದೆ ಎಂದು ಅದರಿಂದ ಗೊತ್ತಾಯಿತು. ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ, ವಯಸ್ಸಿಗೆ ತಕ್ಕಂತೆ ಬೇರೆ ಎಂದು ಫಲಿತಾಂಶವನ್ನು ಸೀಳಿ ತೋರಿಸುವ ಒತ್ತಾಯ ಬಂದಾಗ, ಸಂಶೋಧಕರು ಅದರ ಅಪಾಯ ತೋರಿಸಲೆಂದೇ ರೋಗಿಗಳನ್ನು ಜನ್ಮರಾಶಿಯ ಪ್ರಕಾರವೂ ವಿಂಗಡಿಸಿದರು. ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್‌ನಿಂದ ಪ್ರಯೋಜನವಿಲ್ಲ, ತುಸು ಕೆಡುಕೇ ಎಂಬ ‘ಫಲಿತಾಂಶ’ ಹೊರಬಿತ್ತು! (ಅದು ಪಾಶ್ಚಾತ್ಯರ ಸೂರ್ಯರಾಶಿ, ನಮ್ಮ ಪಂಚಾಂಗದವರು ಮಾತ್ರೆ ನಿಲ್ಲಿಸಬೇಕಿಲ್ಲ.) ಹದಿನೇಳು ಸಾವಿರ ಜನರ ಅಧ್ಯಯನವನ್ನೇ ಹನ್ನೆರಡು ತುಂಡು ಮಾಡಿದರೆ ಇಂಥ ಭ್ರಮೆ ಹುಟ್ಟುತ್ತದೆ ಎಂದ ಮೇಲೆ, ಇಪ್ಪತ್ತು ಸಾವುಗಳ ಪಟ್ಟಿಯನ್ನು ವೃತ್ತಿ, ತಾಲ್ಲೂಕು, ವಾರದ ದಿನ ಎಂದು ಸೀಳಿ ಚರ್ಚಿಸಿದ ವಾಹಿನಿಗಳ ಬಗ್ಗೆ ಹೇಳುವುದೇನಿದೆ? ಸೋಮವಾರವೇ ಏಕೆ ಹೆಚ್ಚು ಎಂಬ ಪ್ರಶ್ನೆಯೂ ಬಂದು ಹೋಯಿತು.

ಲಸಿಕೆಯ ವಿಚಾರ ಬೇಗ ಮುಗಿಸಬಹುದು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕೋವಿಡ್ ಲಸಿಕೆಯ ಮೇಲೆ ಅನುಮಾನ ವ್ಯಕ್ತಪಡಿಸಿದರು, ಕೇಂದ್ರ ಸರ್ಕಾರ ತಳ್ಳಿಹಾಕಿತು, ಎರಡು ದಿನ ವಾಗ್ಯುದ್ಧ ನಡೆಯಿತು. ಈ ಪ್ರಶ್ನೆಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮೊದಲೇ ಎತ್ತಿಕೊಂಡಿತ್ತು. 18ರಿಂದ 45ರ ವಯಸ್ಸಿನಲ್ಲಿ ಕಾರಣ ತಿಳಿಯದೆ ಹಠಾತ್ತನೆ ಸತ್ತ 729 ಮಂದಿಯನ್ನು ಅದೇ ವಯಸ್ಸಿನ, ಅದೇ ನೆರೆಹೊರೆಯ 2,916 ಮಂದಿಯ ಜೊತೆ ಹೋಲಿಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಸಾವಿನ ಸಂಭವ ಹೆಚ್ಚಿಸಿದವು ಇವು: ಕೋವಿಡ್‌ಗೆ ಆಸ್ಪತ್ರೆ ಸೇರಿದ್ದು, ಕುಟುಂಬದಲ್ಲಿ ಹಠಾತ್ ಸಾವಿನ ಇತಿಹಾಸ, ಸಾಯುವ ಹಿಂದಿನ 48 ಗಂಟೆಗಳಲ್ಲಿ ಮಿತಿಮೀರಿದ ಕುಡಿತ, ಅದೇ ಅವಧಿಯಲ್ಲಿ ವಿಪರೀತ ದೈಹಿಕ ಶ್ರಮ. ಎರಡು ಡೋಸ್ ಲಸಿಕೆ ಪಡೆದವರಲ್ಲಿ ಸಂಭವ ಕಡಿಮೆಯೇ ಇತ್ತು. ಕುಡಿತದ ನಂಟು ಇವೆಲ್ಲಕ್ಕಿಂತ ಬಲವಾಗಿ, ಐದು ಪಟ್ಟಿನಷ್ಟು ಕಂಡಿತು. ಅದರ ಬಗ್ಗೆ ಯಾವ ಪಕ್ಷವೂ ಪತ್ರಿಕಾಗೋಷ್ಠಿ ಕರೆಯಲಿಲ್ಲ.

ಹಾಗಾದರೆ ಮುಂಚಿತವಾಗಿ ಪರೀಕ್ಷೆ ಮಾಡಿಸುವುದು ದಂಡವೇ? ಯಾವ ಪರೀಕ್ಷೆ ಎಂಬುದರ ಮೇಲೆ ಉತ್ತರ ನಿಂತಿದೆ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದ ಪ್ರಕಾರ ಮೊದಲ ಹೃದಯಾಘಾತದ ಅಪಾಯದಲ್ಲಿ ಶೇ 90ರಷ್ಟನ್ನು ಒಂಬತ್ತೇ ಅಂಶಗಳಿಂದ ವಿವರಿಸಬಹುದು. ತಂಬಾಕು, ಕೆಟ್ಟ ಕೊಲೆಸ್ಟ್ರಾಲ್, ಬಿ.ಪಿ., ಸಕ್ಕರೆ ಕಾಯಿಲೆ, ಸೊಂಟದ ಸುತ್ತಳತೆ ಅವುಗಳಲ್ಲಿ ಮುಖ್ಯ. ಅದೇ ಅಧ್ಯಯನದ ದಕ್ಷಿಣ ಏಷ್ಯಾದ ರೋಗಿಗಳಿಗೆ ಮೊದಲ ಆಘಾತ ಬಂದ ಮಧ್ಯಾಂಕ ವಯಸ್ಸು (ಅರ್ಧದಷ್ಟು ಮಂದಿಗೆ ಅದಕ್ಕಿಂತ ಮೊದಲೇ ಬಂದಿತ್ತು) 53. ಉಳಿದೆಡೆ ಸುಮಾರು 59. ನಮ್ಮವರಿಗೆ ಐದಾರು ವರ್ಷ ಮೊದಲೇ ಬರುತ್ತದೆ ಎಂಬುದು ಹಾಸನದ ಸುದ್ದಿಗೆ ಇಪ್ಪತ್ತು ವರ್ಷ ಮೊದಲೇ ಗೊತ್ತಿದ್ದ ಸಂಗತಿ. ಈ ಅಂಶಗಳಲ್ಲಿ ಬಿ.ಪಿ. ಮತ್ತು ಸಕ್ಕರೆಯನ್ನು ನೋಡಲು ಪ್ರಾಥಮಿಕ ಆರೋಗ್ಯ ಕೇಂದ್ರ ಸಾಕು, ಸೊಂಟಕ್ಕೆ ದರ್ಜಿಯ ಟೇಪು ಸಾಕು. ಒಂದಕ್ಕೂ ಮೈಸೂರಿನ ಬಸ್ ಹತ್ತಬೇಕಿಲ್ಲ.

ಇದಕ್ಕೆ ಸೇರಿಸಬಹುದಾದ ಹೊಸ ಪರೀಕ್ಷೆ, ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತೊಯ್ಯುವ ಲೈಪೊಪ್ರೋಟೀನ್–ಎ ಎಂಬ ಕಣದ್ದು. ಅದರ ಮಟ್ಟ ಬಹುಮಟ್ಟಿಗೆ ಹುಟ್ಟಿನಿಂದಲೇ ನಿಗದಿಯಾಗಿರುವುದರಿಂದ ಜೀವನದಲ್ಲಿ ಒಮ್ಮೆ ನೋಡಿಸಿದರೆ ಸಾಕು. ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಹೊರತಂದ ಮಾರ್ಗಸೂಚಿ ಅದಕ್ಕೆ ಒತ್ತು ಕೊಟ್ಟಿದೆ. ಭಾರತೀಯರಲ್ಲಿ ಕಾಲು ಭಾಗ ಜನರಲ್ಲಿ ಅದು ಹೆಚ್ಚಿರುತ್ತದೆ ಎಂಬ ಅಂದಾಜೂ ಅದರಲ್ಲಿದೆ. ತಂದೆಯೋ ಅಣ್ಣನೋ ಐವತ್ತರೊಳಗೆ ಹೃದಯಾಘಾತಕ್ಕೆ ಬಲಿಯಾಗಿದ್ದರೆ, ವೈದ್ಯರ ಬಳಿ ಈ ಪರೀಕ್ಷೆಯ ಬಗ್ಗೆ ಕೇಳುವುದರಲ್ಲಿ ಅರ್ಥವಿದೆ.

ಅರ್ಥ ಕಡಿಮೆ ಇರುವುದು ನೋವೂ ಇಲ್ಲದ, ಮೇಲಿನ ಯಾವ ತೊಂದರೆಯೂ ಇಲ್ಲದ ಮೂವತ್ತರ ಯುವಕ ‘ಹಾರ್ಟ್ ಪ್ಯಾಕೇಜ್’ ಹೆಸರಿನಲ್ಲಿ ಇಸಿಜಿ, ಎಕೋ, ಟ್ರೆಡ್‌ಮಿಲ್ ಮಾಡಿಸುವುದರಲ್ಲಿ. ಇಸಿಜಿ ಆ ಕ್ಷಣದ ವಿದ್ಯುತ್ ಚಿತ್ರ. ನಾಳೆಯ ಬಗ್ಗೆ ಅದು ಬಾಯಿ ಬಿಡುವುದಿಲ್ಲ. ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದು ರಕ್ತನಾಳವನ್ನು ಮುಕ್ಕಾಲು ಪಾಲು ಮುಚ್ಚಿದಂಥ ಗಟ್ಟಿ ಅಡೆತಡೆ. ಯುವಕರ ಹೃದಯಾಘಾತದಲ್ಲಿ ಎಷ್ಟೋ ಸಲ ನಾಳ ಅರ್ಧಕ್ಕಿಂತ ಕಡಿಮೆ ಕಿರಿದಾಗಿರುತ್ತದೆ. ಅಲ್ಲಿನ ಮೆತ್ತನೆಯ ಕೊಬ್ಬಿನ ಪೊರೆ ಒಡೆದು, ಅದರ ಮೇಲೆ ನಿಮಿಷಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಹಿಂದಿನ ವಾರ ಟ್ರೆಡ್‌ಮಿಲ್ ಪಾಸಾದವನು ಈ ವಾರ ಕುಸಿದು ಬಿದ್ದ ಎಂಬ ಸುದ್ದಿಯಲ್ಲಿ ವಿಚಿತ್ರವೇನೂ ಇಲ್ಲ. ಡೆನ್ಮಾರ್ಕ್‌ನಲ್ಲಿ 65ರಿಂದ 74 ವರ್ಷದ 46,611 ಗಂಡಸರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಡಾನ್‌ಕಾವಾಸ್ ಅಧ್ಯಯನದಲ್ಲಿ, ಸಿ.ಟಿ. ಸ್ಕ್ಯಾನ್ ಸೇರಿದಂತೆ ಪೂರ್ಣ ತಪಾಸಣೆಗೆ ಕರೆಸಿಕೊಂಡ ಗುಂಪಿನಲ್ಲಿಯೂ ಐದು ವರ್ಷಗಳ ಬಳಿಕ ಒಟ್ಟಾರೆ ಸಾವು ಗಮನಾರ್ಹವಾಗಿ ತಗ್ಗಲಿಲ್ಲ. ಎದೆನೋವು ಇದ್ದವರ ಮಾತು ಬೇರೆ: ಸ್ಕಾಟ್ಲೆಂಡಿನ ಸ್ಕಾಟ್–ಹಾರ್ಟ್ ಅಧ್ಯಯನದಲ್ಲಿ ಅಂಥವರಿಗೆ ಸಿ.ಟಿ. ಆಂಜಿಯೋಗ್ರಾಮ್ (ಹೃದಯದ ರಕ್ತನಾಳಗಳ ಚಿತ್ರ) ಮಾಡಿ ಅದಕ್ಕೆ ತಕ್ಕ ಔಷಧ ಕೊಟ್ಟಾಗ ಮುಂದಿನ ಹೃದಯಾಘಾತಗಳು ಕಡಿಮೆಯಾದವು. ಅದೇ ಬಗೆಯ ಯಂತ್ರ. ನೋವಿದ್ದವರಿಗೆ ದಾರಿ ತೋರಿತು.

ಭಯದಿಂದ ಶುರುವಾದ ತಪಾಸಣೆ, ಕಿರಿದಾದ ರಕ್ತನಾಳವನ್ನು ತೆರೆದಿಡುವ ಸ್ಟೆಂಟ್‌ನಲ್ಲಿ ಮುಗಿಯುವ ಸಾಧ್ಯತೆಯೂ ಇದೆ. ಸ್ಥಿರವಾಗಿರುವ ಹೃದ್ರೋಗದ 5,179 ರೋಗಿಗಳ ಮೇಲಿನ ಇಸ್ಕೀಮಿಯಾ ಅಧ್ಯಯನ (2020) ಹೇಳಿದ್ದು ಇಷ್ಟು: ಮೊದಲೇ ಆಂಜಿಯೋಗ್ರಾಮ್ ಮಾಡಿ ಸ್ಟೆಂಟ್ ಅಥವಾ ಬೈಪಾಸ್‌ಗೆ ಹೋದರೂ, ಔಷಧದಿಂದ ಆರಂಭಿಸಿದರೂ, ಸಾವು ಮತ್ತು ಹೃದಯಾಘಾತದ ಲೆಕ್ಕದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ನಡೆದಾಗ ಬರುವ ಎದೆನೋವಿಗೆ ಸ್ಟೆಂಟ್‌ನಿಂದ ಆರಾಮ ಸಿಗುತ್ತದೆ, ಅದು ಬೇರೆ ಲಾಭ. ಹೃದಯಾಘಾತ ನಡೆಯುತ್ತಿರುವಾಗ ಹಾಕುವ ಸ್ಟೆಂಟ್‌ಗೆ ಈ ಮಾತು ಅನ್ವಯಿಸುವುದಿಲ್ಲ. ಅಲ್ಲಿ ಅದು ಜೀವ ಉಳಿಸುತ್ತದೆ.

ಇನ್ನು ಮೊದಲ ಗಂಟೆಗಳ ವಿಚಾರ. ಹೃದಯದ ದೊಡ್ಡ ರಕ್ತನಾಳವೊಂದು ಪೂರ್ತಿ ಕಟ್ಟಿಕೊಂಡಾಗ ಅದರ ಕೆಳಗಿನ ಸ್ನಾಯು ಗಂಟೆಗಳಲ್ಲಿ ಸಾಯುತ್ತದೆ. 22 ಅಧ್ಯಯನಗಳ ಐವತ್ತು ಸಾವಿರ ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 1996ರಲ್ಲಿ ಪ್ರಕಟಿಸಿದ ಲೆಕ್ಕವೊಂದಿದೆ. ಹೆಪ್ಪು ಕರಗಿಸುವ ಔಷಧವನ್ನು ನೋವು ಶುರುವಾದ ಮೊದಲ ಗಂಟೆಯೊಳಗೆ ಕೊಟ್ಟರೆ ಸಾವಿರ ರೋಗಿಗಳಲ್ಲಿ ಹೆಚ್ಚುವರಿಯಾಗಿ 65 ಜೀವ ಉಳಿಯುತ್ತವೆ. ಎರಡನೇ ಗಂಟೆಯಲ್ಲಿ ಕೊಟ್ಟರೆ 37, ಮೂರನೇ ಗಂಟೆಯಲ್ಲಿ 26. ಇದರ ಪಕ್ಕದಲ್ಲಿ ಭಾರತದ ಒಂದು ಸಂಖ್ಯೆ ಇಡೋಣ: 89 ಆಸ್ಪತ್ರೆಗಳ ಇಪ್ಪತ್ತು ಸಾವಿರ ರೋಗಿಗಳ ಕ್ರಿಯೇಟ್ ನೋಂದಣಿಯಲ್ಲಿ (2008) ನೋವು ಶುರುವಾದಾಗಿನಿಂದ ಆಸ್ಪತ್ರೆ ಮುಟ್ಟಲು ಹಿಡಿದ ಮಧ್ಯಾಂಕ ಸಮಯ 360 ನಿಮಿಷ. ಆರು ಗಂಟೆ. ಆಸ್ಪತ್ರೆ ತಲುಪಿದ ಮೇಲೆ ಔಷಧ ಕೊಡಲು ಹಿಡಿದದ್ದು 50 ನಿಮಿಷ.

ಆರು ಗಂಟೆ ಎಲ್ಲಿ ಹೋಗುತ್ತದೆ? ಮೊದಲ ಪಾಲು ‘ಗ್ಯಾಸ್’ಗೆ. ರಾತ್ರಿ ಬಾಡೂಟ ಮುಗಿಸಿ ಮಲಗಿದವರಿಗೆ ಎರಡು ಗಂಟೆಗೆ ಎದೆ ಹಿಂಡಿದಂತಾಗಿ ಬೆವರು ಕಿತ್ತುಕೊಂಡು ಬಂದರೆ, ನಮ್ಮ ಮನೆಗಳಲ್ಲಿ ಮೊದಲು ಬರುವುದು ಜೀರಿಗೆ ಕಷಾಯ, ಆಮೇಲೆ ಸೋಡಾ, ಆಮೇಲೆ ಮೆಡಿಕಲ್ ಶಾಪಿನ ಗ್ಯಾಸ್ಟ್ರಿಕ್ ಮಾತ್ರೆ. ಬೆಳಗಾಗಲಿ ಎಂದು ಕಾಯುವುದು ಕೊನೆಗೆ. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ ನೋವು ಸ್ಪಷ್ಟವಾಗಿ ಇಲ್ಲದೆ ಉಬ್ಬಸ, ಸುಸ್ತು, ಓಕರಿಕೆ ಮಾತ್ರ ಇದ್ದರೆ ಆಸ್ಪತ್ರೆಯ ಮಾತೇ ಏಳುವುದಿಲ್ಲ. ಮನೆಯ ಹೆಂಗಸು ಬೆವರುತ್ತ ಕೂತಿದ್ದರೂ ಹಸು ಕರೆದು ಬಂದ ಮೇಲೆ ನೋಡೋಣ ಎನ್ನುವ ಮನೆಗಳು ನಮ್ಮಲ್ಲಿ ಇನ್ನೂ ಇವೆ.

ಎರಡನೆಯ ಪಾಲು ದಾರಿಗೆ. ಸಕಲೇಶಪುರದಿಂದ ಹಾಸನಕ್ಕೆ ನಲವತ್ತು ಕಿಲೋಮೀಟರ್ ಎಂದು ಹೇಳುವುದು ಸುಲಭ. ತೋಟದ ಲೈನ್ ಮನೆಯಿಂದ ಟಾರು ರಸ್ತೆಗೆ ಬರುವಷ್ಟರಲ್ಲಿಯೇ ಅರ್ಧ ಗಂಟೆ ಹೋಗಿರುತ್ತದೆ. ಜುಲೈ ಮಳೆಯಲ್ಲಿ ಕರೆಂಟ್ ಹೋದರೆ ಮೊಬೈಲ್ ಟವರೂ ಮಲಗುತ್ತದೆ, 108ಕ್ಕೆ ಕರೆ ಹೋಗುವುದಿಲ್ಲ. ತೋಟದ ರೈಟರ ಮನೆ ಬಾಗಿಲು ಬಡಿದು ಪಿಕಪ್ ಹೊರಡಿಸಬೇಕು. ಆಲೂರು, ಸಕಲೇಶಪುರ, ಬೇಲೂರಿನ ಕಡೆ ರಸ್ತೆಯಲ್ಲಿ ಆನೆ ಇದೆ ಎಂಬ ಸಂದೇಶ ಬಂದಿದ್ದರೆ ಹೊರಡಲು ಧೈರ್ಯ ಸಾಲದು. ಶಿರಾಡಿ ಘಾಟಿಯ ದೊಡ್ಡತಪ್ಪಲಿನಲ್ಲಿ ಗುಡ್ಡ ಕುಸಿದ ದಿನ, ಚಾರ್ಮಾಡಿ ಘಾಟಿ ಮುಚ್ಚಿದ ದಿನ ಮಂಗಳೂರಿನ ದಾರಿಯನ್ನು ಮರೆತುಬಿಡಬೇಕು. ಕಳಸದಿಂದ ಚಿಕ್ಕಮಗಳೂರಿಗೆ ಸುಮಾರು 90 ಕಿಲೋಮೀಟರ್, ಎಲ್ಲವೂ ತಿರುವು. ಕಟ್ಟಿದ ನಾಳವನ್ನು ಬಲೂನು, ಸ್ಟೆಂಟ್ ಬಳಸಿ ತೆರೆಯುವ ಆಂಜಿಯೋಪ್ಲಾಸ್ಟಿಯನ್ನು ಎರಡು ಗಂಟೆಯೊಳಗೆ ಮಾಡಬಹುದಾದರೆ ಮಾತ್ರ ನೇರ ಅದಕ್ಕೇ ಕಳುಹಿಸಿ, ಇಲ್ಲದಿದ್ದರೆ ಮೊದಲು ಹೆಪ್ಪು ಕರಗಿಸಿ ಎನ್ನುತ್ತವೆ ಅಂತರರಾಷ್ಟ್ರೀಯ ಮಾರ್ಗಸೂಚಿಗಳು. ನಮ್ಮ ಅರ್ಧ ಮಲೆನಾಡು ಎರಡನೆಯ ಸಾಲಿಗೆ ಸೇರುತ್ತದೆ.

ಹೆಪ್ಪು ಕರಗಿಸುವುದು ಬಡವರ ಎರಡನೇ ದರ್ಜೆಯ ಚಿಕಿತ್ಸೆ ಎಂಬ ಭಾವನೆ ಇದೆ. 2013ರಲ್ಲಿ ಪ್ರಕಟವಾದ ಸ್ಟ್ರೀಮ್ ಅಧ್ಯಯನ ಅದನ್ನು ಅಲ್ಲಗಳೆಯಿತು. ಮೂರು ಗಂಟೆಯೊಳಗೆ ಬಂದ, ಆದರೆ ಒಂದು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಸಿಗದ 1,892 ರೋಗಿಗಳಲ್ಲಿ, ಮೊದಲು ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಕೊಟ್ಟು ಆಮೇಲೆ ಆಂಜಿಯೋಗ್ರಾಮ್‌ಗೆ ಕಳುಹಿಸಿದವರ ಫಲಿತಾಂಶ ನೇರ ಆಂಜಿಯೋಪ್ಲಾಸ್ಟಿಗೆ ಹೋದವರಷ್ಟೇ ಇತ್ತು. ಮಿದುಳಿನಲ್ಲಿ ರಕ್ತಸ್ರಾವ ಮಾತ್ರ ತುಸು ಹೆಚ್ಚು, ನೂರರಲ್ಲಿ ಒಬ್ಬರಿಗೆ. ಎಪ್ಪತ್ತೈದು ದಾಟಿದವರಿಗೆ ಪ್ರಮಾಣವನ್ನು ಅರ್ಧಕ್ಕಿಳಿಸಿದ ಮೇಲೆ ಆ ಅಪಾಯವೂ ತಗ್ಗಿತು. ಪಕ್ಕದ ತಮಿಳುನಾಡಿನಲ್ಲಿ ಸಣ್ಣ ಆಸ್ಪತ್ರೆಗಳನ್ನು ದೊಡ್ಡ ಆಸ್ಪತ್ರೆಗಳಿಗೆ ಜೋಡಿಸಿ ಇದೇ ಕ್ರಮವನ್ನು 2,420 ರೋಗಿಗಳಲ್ಲಿ ಜಾರಿಗೊಳಿಸಿದಾಗ ಒಂದು ವರ್ಷದ ಸಾವಿನ ಪ್ರಮಾಣ ಶೇ 17.6ರಿಂದ 14.2ಕ್ಕೆ ಇಳಿಯಿತು. 46ನೇ ವಯಸ್ಸಿನಲ್ಲಿ ತೀರಿಕೊಂಡ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಕರ್ನಾಟಕ ಆರಂಭಿಸಿದ ಹೃದಯ ಜ್ಯೋತಿ ಯೋಜನೆಯ ತಳಹದಿಯೂ ಇದೇ. ಹಾಸನದ ಗದ್ದಲದ ನಂತರ ಅದನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೆ ವಿಸ್ತರಿಸುವುದಾಗಿ ಸರ್ಕಾರ ಹೇಳಿತು.

ಯೋಜನೆ ನಡೆಯುವ ಬಗೆ ಹೀಗೆ. ಎದೆನೋವೆಂದು ಬಂದವರನ್ನು ಚೀಟಿ ಸಾಲಿನಲ್ಲಿ ನಿಲ್ಲಿಸದೆ ಮಲಗಿಸಿ ಹತ್ತು ನಿಮಿಷದೊಳಗೆ ಇಸಿಜಿ ತೆಗೆಯಬೇಕು. ಆ ಇಸಿಜಿ ಮೊಬೈಲ್ ಜಾಲದ ಮೂಲಕ ದೊಡ್ಡಾಸ್ಪತ್ರೆಗೆ ಹೋಗುತ್ತದೆ. ಕೃತಕ ಬುದ್ಧಿಮತ್ತೆಯ ತಂತ್ರಾಂಶ, ಅದರ ಹಿಂದೆ ಹೃದ್ರೋಗ ತಜ್ಞರು ನೋಡುತ್ತಾರೆ. ನಾಳ ಕಟ್ಟಿದೆ ಎಂದು ಉತ್ತರ ಬಂದರೆ ಆಸ್ಪಿರಿನ್ ಅಗಿಯಲು ಕೊಟ್ಟು, ರೋಗಿಯ ತೂಕ ನೋಡಿ, ಟೆನೆಕ್ಟೆಪ್ಲೇಸನ್ನು ಒಂದೇ ಸಲಕ್ಕೆ ಐದು–ಹತ್ತು ಸೆಕೆಂಡಿನಲ್ಲಿ ನರಕ್ಕೆ ಚುಚ್ಚುತ್ತಾರೆ. ಹೊರಗೆ ಹತ್ತಾರು ಸಾವಿರ ರೂಪಾಯಿ ಬೆಲೆಯ ಮದ್ದು ಇಲ್ಲಿ ಉಚಿತ. ಅದಕ್ಕೂ ಮೊದಲು ಕೇಳಲೇಬೇಕಾದ ಪ್ರಶ್ನೆಗಳಿವೆ: ಹಿಂದೆ ಮಿದುಳಿನಲ್ಲಿ ರಕ್ತಸ್ರಾವ ಆಗಿತ್ತೇ, ಇತ್ತೀಚೆಗೆ ಪಾರ್ಶ್ವವಾಯು ಬಡಿದಿತ್ತೇ, ದೊಡ್ಡ ಶಸ್ತ್ರಚಿಕಿತ್ಸೆ ಆಗಿದೆಯೇ. ಕೊನೆಗೆ ಆಂಬುಲೆನ್ಸ್. ಮದ್ದು ಕೊಟ್ಟ ಮೇಲೆ ‘ಈಗ ಆರಾಮವಾಗಿದೆ, ಮನೆಗೆ ಹೋಗುತ್ತೇವೆ’ ಎನ್ನುವವರಿಗೆ ಒಂದು ಮಾತು: ಒಂದು ದಿನದೊಳಗೆ ಆಂಜಿಯೋಗ್ರಾಮ್ ಆದರೆ ಮಾತ್ರ ಆ ಚಿಕಿತ್ಸೆ ಪೂರ್ಣವಾಗುತ್ತದೆ.

ಇಲ್ಲಿ ರೋಗನಿರ್ಣಯದ ಬಲೆಯೂ ಒಂದಿದೆ. ಮೊದಲ ಇಸಿಜಿ ಚೆನ್ನಾಗಿದ್ದರೆ ಮನೆಗೆ ಕಳುಹಿಸುವ ರೂಢಿ ನಮ್ಮಲ್ಲಿ ಬಲವಾಗಿದೆ. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ಹೊರಬರುವ ಟ್ರೋಪೋನಿನ್ ಎಂಬ ಪ್ರೋಟೀನ್ ರಕ್ತದಲ್ಲಿ ಏರಲು ಸಮಯ ಬೇಕು, ಇಸಿಜಿ ಬದಲಾಗಲೂ ಬೇಕಾಗಬಹುದು. ನೋವು ಮುಂದುವರಿದಿದ್ದರೆ ಕಾಲು ಅಥವಾ ಅರ್ಧ ಗಂಟೆಗೊಮ್ಮೆ ಮತ್ತೆ ತೆಗೆಯಬೇಕು. ಇಸಿಜಿಯಲ್ಲಿ ‘ಸ್ಟೆಮಿ’ಯ (ನಾಳ ಪೂರ್ತಿ ಕಟ್ಟಿದೆ ಎಂದು ಇಸಿಜಿಯೇ ಹೇಳುವ ಹೃದಯಾಘಾತದ) ಗುರುತು ಇಲ್ಲವೆಂದು ಕಡಿಮೆ ತುರ್ತಿನ ವರ್ಗಕ್ಕೆ ಸೇರಿಸಿದ ಹೃದಯಾಘಾತಗಳಲ್ಲಿ ಸುಮಾರು ಕಾಲು ಭಾಗದಲ್ಲಿ ನಾಳ ಪೂರ್ತಿ ಕಟ್ಟಿಕೊಂಡಿತ್ತು ಎಂದು 2017ರ ಒಟ್ಟು ವಿಶ್ಲೇಷಣೆಯೊಂದು ತೋರಿಸಿದೆ. ತಂತ್ರಾಂಶಗಳು ಇಂಥ ಮರೆಯಲ್ಲಿರುವ ಗುರುತುಗಳನ್ನು ಹಿಡಿಯಲು ಕಲಿಯುತ್ತಿವೆ, ಒಳ್ಳೆಯದು. ಆದರೆ ಎರಡನೆಯ ಇಸಿಜಿ ತೆಗೆಯುವ ಸ್ಟಾಫ್ ನರ್ಸ್ ರಾತ್ರಿ ಪಾಳಿಯಲ್ಲಿ ಇರಬೇಕಲ್ಲ.

ಬಸ್ ನಿಲ್ದಾಣಗಳಲ್ಲಿ, ಕುಸಿದವರ ಹೃದಯಕ್ಕೆ ವಿದ್ಯುತ್ ಷಾಕ್ ಕೊಡುವ ಎಇಡಿ ಯಂತ್ರ ಇಡುವ ಘೋಷಣೆಗೆ ಚಪ್ಪಾಳೆ ಸಿಕ್ಕಿತು. ಹೃದಯ ನಿಂತ ಮೇಲೆ ಷಾಕ್ ತಡವಾದ ಒಂದೊಂದು ನಿಮಿಷಕ್ಕೂ ಬದುಕುವ ಅವಕಾಶ ಶೇ 7–10ರಷ್ಟು ಕುಸಿಯುತ್ತದೆ ನಿಜ. ಆದರೆ ಬಹುಪಾಲು ಹೃದಯ ಸ್ತಂಭನಗಳು ಮನೆಯಲ್ಲಿ ಆಗುತ್ತವೆ. ಆ ಹಣದ ಒಂದು ಪಾಲಿನಲ್ಲಿ ಸ್ತ್ರೀಶಕ್ತಿ ಸಂಘಗಳಿಗೆ, ಹಾಲಿನ ಡೇರಿಯ ಮುಂದೆ ಸೇರುವವರಿಗೆ ಎದೆ ಒತ್ತುವುದನ್ನು ಕಲಿಸಿದರೆ ಹೆಚ್ಚು ಉಪಯೋಗ ಎಂಬುದು ನನ್ನ ಅಭಿಪ್ರಾಯ.

ಯೋಜನೆ ಕಾಗದದಲ್ಲಿ ಇದೆಯೋ ವಾರ್ಡಿನಲ್ಲಿ ಇದೆಯೋ ಎಂದು ತಿಳಿಯಲು ದೊಡ್ಡ ಸಮಿತಿ ಬೇಕಿಲ್ಲ. ಎದೆನೋವೆಂದು ಬಂದ ಪ್ರತಿ ರೋಗಿಗೂ ನೋವು ಶುರುವಾದ ಸಮಯ, ಆಸ್ಪತ್ರೆ ಬಾಗಿಲು ದಾಟಿದ ಸಮಯ, ಇಸಿಜಿ ತೆಗೆದ ಸಮಯ, ಚುಚ್ಚುಮದ್ದು ಕೊಟ್ಟ ಸಮಯವನ್ನು ಬರೆದಿಟ್ಟರೆ ಸಾಕು. ಅರಸೀಕೆರೆ, ಅರಕಲಗೂಡು, ಬೇಲೂರು, ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ, ಕಡೂರಿನ ಆಸ್ಪತ್ರೆಗಳ ಈ ನಾಲ್ಕು ಸಮಯಗಳ ಸರಾಸರಿಯನ್ನು, ಎಷ್ಟು ಮಂದಿಗೆ ಮದ್ದು ಸಿಕ್ಕಿತು, ಎಷ್ಟು ಮಂದಿಯನ್ನು ಕೊಡದೆ ಕಳುಹಿಸಲಾಯಿತು ಎಂಬುದರ ಜೊತೆಗೆ, ಜಿಲ್ಲಾ ಆರೋಗ್ಯಾಧಿಕಾರಿಗಳು ತಿಂಗಳಿಗೊಮ್ಮೆ ಪ್ರಕಟಿಸಲಿ. ಮುಂದಿನ ಮಳೆಗಾಲದಲ್ಲಿ ಮತ್ತೆ ನಾಲ್ಕು ಸಾವು ಸುದ್ದಿಯಾದಾಗ, ಪತ್ರಕರ್ತರು ಮೊದಲು ಕೇಳಬೇಕಾದ ಕಾಗದ ಅದು.